ಅರಿಯದ ನಾಡಿನ ಪಂಚಾಂಗ

‘ದೇಶ ಸುತ್ತು, ಕೋಶ ಓದು’ ಎಂದರು ಹಿರಿಯರು. ಎರಡರಲ್ಲಿ ಯಾವುದು ಮೊದಲಾಗಬೇಕೆಂಬುದನ್ನು ಮಾತ್ರ ಹೇಳದೆ ಬಿಟ್ಟರು. ಸ್ವದೇಶದಲ್ಲಿ ಈ ಅನುಕ್ರಮಕ್ಕೆ ಅಷ್ಟು ಮಹತ್ತ್ವವಿಲ್ಲ. ಏನನ್ನೂ ಓದದೆ ಹಂಪೆಗೆ ಹೊರಟವನು ಹೊಸಪೇಟೆಯಲ್ಲಿ ಇಳಿದು, ನಾಲ್ಕು ಜನರನ್ನು ಕೇಳಿ ದಾರಿ ಹಿಡಿದಾನು. ಹಸಿದರೆ ಎಲ್ಲಿಯೋ ಅನ್ನ ಸಾರು ಸಿಕ್ಕೀತು; ಮಳೆ ಬಂದರೆ ಯಾವುದೋ ಮಂಟಪ ಆಸರೆ ಕೊಟ್ಟೀತು. ಆದರೆ ಭಾಷೆ ತಿಳಿಯದ, ಲಿಪಿ ತಿಳಿಯದ, ಊಟದ ಬಟ್ಟಲಿನಲ್ಲಿರುವ ಪದಾರ್ಥ ಏನೆಂಬುದೇ ತಿಳಿಯದ ನಾಡಿಗೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೊರಡುವವನಿಗೆ ಕೋಶವೇ ಮೊದಲು, ಸುತ್ತಾಟ ಆಮೇಲೆ.

ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ಇರಬಹುದಾದ ಒಂದು ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಯಜಮಾನರು ಬ್ಯಾಂಕಿನ ಅಧಿಕಾರಿ. ಗೃಹಿಣಿ ಪ್ರೌಢಶಾಲೆಯ ಉಪಾಧ್ಯಾಯಿನಿ. ಒಂಬತ್ತನೆಯ ತರಗತಿಯ ಮಗಳು, ಐದನೆಯ ತರಗತಿಯ ಮಗ. ಇವರೆಲ್ಲರಿಗೂ ಹಿರಿಯರಾಗಿ ಎಪ್ಪತ್ತೊಂದು ವರ್ಷದ ಅಜ್ಜಿ. ಮೂರು ವರ್ಷಗಳಿಂದ ತಿಂಗಳು ತಿಂಗಳೂ ಎತ್ತಿಟ್ಟ ಹಣ ಒಂದು ಮೊತ್ತವಾಗಿ ನಿಂತಾಗ, ಹಳೆಯ ಕಾರನ್ನು ಬದಲಾಯಿಸುವುದೋ ವಿದೇಶವನ್ನು ನೋಡುವುದೋ ಎಂಬ ಚರ್ಚೆ ಎದ್ದು, ಮಕ್ಕಳ ಬಹುಮತದಿಂದ ವಿದೇಶವೇ ಗೆದ್ದಿತು. ದೇಶವನ್ನು ಆರಿಸಿದವಳು ಮಗಳು: ಜಪಾನ್. ಅಲ್ಲಿ ಇವರಿಗೆ ಬಂಧುಗಳಿಲ್ಲ, ಪರಿಚಿತರಿಲ್ಲ. ಇಂಥ ಹಣ ಮತ್ತೆ ಕೂಡುವುದು ಎಷ್ಟು ವರ್ಷಕ್ಕೋ! ಕೆಟ್ಟರೆ ಸರಿಪಡಿಸಿಕೊಳ್ಳಲು ಎರಡನೆಯ ಪ್ರವಾಸವಿಲ್ಲ.

ಯಜಮಾನರು ಎರಡು ಭಾನುವಾರಗಳನ್ನು ವ್ಯಯಿಸಿ ಮೊದಲನೆಯ ಯೋಜನೆಯನ್ನು ಸಿದ್ಧಪಡಿಸಿದರು. ಬ್ಯಾಂಕಿನವರ ಕೆಲಸವಲ್ಲವೆ, ಅಚ್ಚುಕಟ್ಟಿಗೆ ಕೊರತೆಯಿರಲಿಲ್ಲ. ಏಪ್ರಿಲ್ 27ರಿಂದ ಒಂಬತ್ತು ದಿನ, ಊರುಗಳು ಹದಿನಾಲ್ಕು. ಯಾವ ರೈಲು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಡುತ್ತದೆಂಬುದೆಲ್ಲ ಅದರಲ್ಲಿತ್ತು. ಉಸಿರಾಡಲು ಮಾತ್ರ ವೇಳೆ ಗೊತ್ತುಮಾಡಿರಲಿಲ್ಲ. ಪ್ರಯಾಣಿಕರ ಸಂಖ್ಯೆ ನಾಲ್ಕು ಎಂದಿತ್ತು. ಅಜ್ಜಿ ಆ ಒಂಬತ್ತು ದಿನ ಮೈಸೂರಿನಲ್ಲಿ ಮಗಳ ಮನೆಯಲ್ಲಿರುವುದೆಂದು ಯಾರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನವಾಗಿಹೋಗಿತ್ತು. ಪಟ್ಟಿಯನ್ನು ಓದಿ ಹೇಳಿದಾಗ ಅಜ್ಜಿ ಬತ್ತಿ ಹೊಸೆಯುತ್ತಲೇ, “ಹೋಗಿಬನ್ನಿ. ನನಗೇನಿದೆಯಪ್ಪ ಆ ದೇಶದಲ್ಲಿ?” ಎಂದರು.

“ಏನಿದೆ ಅಂತ ನಮಗೂ ಗೊತ್ತಿಲ್ಲವಲ್ಲ ಅತ್ತೆ,” ಎಂದಳು ಗೃಹಿಣಿ. “ತಿಳಿದುಕೊಂಡು ಆಮೇಲೆ ಹೇಳೋಣ.”

ನಿಜವಾದ ಯೋಜನೆ ಆರಂಭವಾದದ್ದು ಈ ಮಾತಿನಿಂದಲೇ ಎನ್ನಬೇಕು. ಅರಿಯದ ದೇಶಕ್ಕೆ ಹೊರಡುವವರು ಸಾಮಾನ್ಯವಾಗಿ ‘ಎಲ್ಲಿಗೆ, ಎಲ್ಲಿಗೆ’ ಎಂದು ಕೇಳುತ್ತಾರೆ. ‘ಯಾವಾಗ’ ಎಂಬುದನ್ನು ನಮ್ಮ ರಜೆಯ ಪಟ್ಟಿ ನೋಡಿ ಗೊತ್ತುಮಾಡಿಬಿಡುತ್ತಾರೆ. ‘ಯಾರಿಗಾಗಿ’ ಎಂಬುದನ್ನಂತೂ ಕೇಳುವುದೇ ಇಲ್ಲ. ಆದರೆ ಹೋಗುವ ನಾಡಿಗೂ ತನ್ನದೇ ಆದ ಒಂದು ಪಂಚಾಂಗವಿದೆ. ನಮ್ಮ ಮನೆಯ ಗೋಡೆಯ ಮೇಲೆ ತೂಗುತ್ತಿರುವ ಪಂಚಾಂಗವನ್ನು ನೋಡಿ ಅದು ತನ್ನ ಮಳೆಯನ್ನೂ ಹಬ್ಬವನ್ನೂ ಬದಲಾಯಿಸಿಕೊಳ್ಳುವುದಿಲ್ಲ.

ಈ ಪಾಠವನ್ನು ಮಳೆಯಲ್ಲಿ ನೆನೆದು ಕಲಿತವಳೊಬ್ಬಳು ಇಸಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಮಹಿಳೆ. ದೇಹಾರೋಗ್ಯ ಚೆನ್ನಾಗಿಲ್ಲದ ಕಾರಣ ಹವಾ ಬದಲಾವಣೆಗೆಂದು ಆಕೆ 1878ರ ಮೇ ತಿಂಗಳಿನಲ್ಲಿ ಯೊಕೊಹಾಮಾ ಬಂದರಿನಲ್ಲಿ ಇಳಿದಳು. ಆಗ ಅವಳ ವಯಸ್ಸು ನಲವತ್ತಾರು. ಬಂದರಿನ ಸುತ್ತಮುತ್ತ ನೋಡಿ ಮರಳುವುದರಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ. ಪರದೇಶೀಯರು ಕಾಲಿಡದ ಉತ್ತರದ ಒಳನಾಡನ್ನು ಕಾಣಬೇಕೆಂಬ ಹಟ. ವಿದೇಶೀಯರು ಒಳನಾಡಿಗೆ ಹೋಗಬೇಕಾದರೆ ಆಗ ವಿಶೇಷ ರಹದಾರಿ ಬೇಕಾಗಿತ್ತು. ಬ್ರಿಟಿಷ್ ರಾಯಭಾರಿ ಹ್ಯಾರಿ ಪಾರ್ಕ್ಸ್ ಅದನ್ನು ದೊರಕಿಸಿಕೊಟ್ಟನು. ಆ ರಹದಾರಿಯ ಮೇಲೆ ಬರೆದಿದ್ದ ನಿಬಂಧನೆಗಳು ಸ್ವಾರಸ್ಯವಾಗಿವೆ: ಕಾಡಿನಲ್ಲಿ ಬೆಂಕಿ ಹಚ್ಚಕೂಡದು, ಎಲ್ಲಿಯಾದರೂ ಬೆಂಕಿ ಬಿದ್ದರೆ ಕುದುರೆಯೇರಿ ನೋಡಲು ಹೋಗಕೂಡದು, ಹೊಲಗದ್ದೆಗಳನ್ನು ತುಳಿಯಕೂಡದು, ದೇವಾಲಯಗಳ ಗೋಡೆಯ ಮೇಲೆ ಗೀಚಕೂಡದು, ಇಕ್ಕಟ್ಟಾದ ದಾರಿಯಲ್ಲಿ ವೇಗವಾಗಿ ಓಡಿಸಕೂಡದು. ಕೊನೆಯ ಎರಡನ್ನು ಇಂದು ನಮ್ಮ ಊರುಗಳ ಪ್ರವಾಸಿಗರ ಕೈಗೂ ಅಚ್ಚು ಹಾಕಿಸಿ ಕೊಡಬಹುದು.

ಸಿದ್ಧತೆಯಲ್ಲಿ ಬರ್ಡ್ ಕಡಮೆಯವಳಲ್ಲ. ಮಡಿಸುವ ಮಂಚ, ಮಡಿಸುವ ಕುರ್ಚಿ, ರಬ್ಬರಿನ ಸ್ನಾನದ ತೊಟ್ಟಿ, ತನ್ನದೇ ಜೀನು, ಒಂದಿಷ್ಟು ಒಣದ್ರಾಕ್ಷಿ, ಚಾಕೊಲೇಟು, ಮಾಂಸದ ಸಾರದ ಡಬ್ಬಿ. ಅವಳ ಸಾಮಾನು 110 ಪೌಂಡು. ಜೊತೆಗೆ ಕರೆದುಕೊಂಡ ಹದಿನೆಂಟು ವರ್ಷದ ದುಭಾಷಿ ಇಟೋನ ಮೈತೂಕ 90 ಪೌಂಡು. ಎರಡೂ ಸೇರಿದರೆ ಒಂದು ಜಪಾನೀ ಕುದುರೆ ಹೊರಬಲ್ಲಷ್ಟು ಭಾರವೆಂದು ಅವಳು ಲೆಕ್ಕ ಹಾಕಿ ನಿಲ್ಲಿಸಿದಳು. ಪ್ರಯಾಣದ ಸಾಮಾನಿಗೆ ಇದಕ್ಕಿಂತ ನ್ಯಾಯವಾದ ಅಳತೆಗೋಲು ಇನ್ನಾವುದಿದೆ? ಹೊರುವವನ ಬೆನ್ನನ್ನು ನೋಡಿ ಗಂಟು ಕಟ್ಟುವುದು.

ಇಷ್ಟೆಲ್ಲ ಮಾಡಿದವಳು ಟೋಕಿಯೋದಿಂದ ಹೊರಟದ್ದು ಜೂನ್ 10ರಂದು. ಜಪಾನಿನ ಮಳೆಗಾಲ ಆ ಭಾಗಕ್ಕೆ ಕಾಲಿಡುವುದು ಜೂನ್ ಮೊದಲ ಹದಿನೈದು ದಿನಗಳಲ್ಲಿ. ಜುಲೈ ನಡುವಿನವರೆಗೂ, ಕೆಲವೊಮ್ಮೆ ಅದರಾಚೆಗೂ ಅದು ಬಿಡುವುದಿಲ್ಲ. ಬೆಟ್ಟದ ದಾರಿಗಳು ಕೊಚ್ಚಿಹೋಗಿ, ಹೊಳೆಗಳು ತುಂಬಿ, ಹಾಸಿಗೆ ಬಟ್ಟೆ ಒಣಗದೆ, ಹಳ್ಳಿಯ ಛತ್ರಗಳಲ್ಲಿ ಚಿಗಟಗಳ ಕಾಟದಲ್ಲಿ ಅವಳು ಉತ್ತರದ ಹೊಕ್ಕೈಡೊ ದ್ವೀಪವನ್ನು ಮುಟ್ಟುವ ವೇಳೆಗೆ ಆಗಸ್ಟ್ ಬಂದಿತ್ತು. ಅವಳು ಗಟ್ಟಿಗಿತ್ತಿ; ಆ ಕಷ್ಟದಿಂದಲೇ ಒಂದು ಪ್ರಸಿದ್ಧ ಪುಸ್ತಕವನ್ನು ಬರೆದು 1880ರಲ್ಲಿ ಪ್ರಕಟಿಸಿದಳು. ಪುಸ್ತಕ ಬರೆಯುವ ಉದ್ದೇಶವಿಲ್ಲದ ಸಂಸಾರಸ್ಥರು ಆ ಮಾರ್ಗವನ್ನು ಅನುಸರಿಸಬೇಕಾಗಿಲ್ಲ.

ಯಜಮಾನರ ಯೋಜನೆಯಲ್ಲಿ ಮಳೆಯ ತೊಂದರೆಯಿರಲಿಲ್ಲ. ಅದಕ್ಕಿಂತ ಸೂಕ್ಷ್ಮವಾದ ತೊಡಕಿತ್ತು. ಅವರ ಮನಸ್ಸಿನಲ್ಲಿದ್ದ ಚಿತ್ರ ಚೆರಿ ಹೂವಿನದು. ಆ ಹೂವು ಟೋಕಿಯೋ, ಕ್ಯೋಟೊಗಳಲ್ಲಿ ತುಂಬಿ ನಿಲ್ಲುವುದು ಸಾಮಾನ್ಯವಾಗಿ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರಗಳಲ್ಲಿ. ಅದೂ ಒಂದು ವಾರ, ಹತ್ತು ದಿನ. ಕರ್ನಾಟಕದ ಮಕ್ಕಳು ಆಗ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿರುತ್ತಾರೆ. ರಜೆ ಬಂದು ವಿಮಾನವೇರುವ ಹೊತ್ತಿಗೆ ಅಲ್ಲಿ ಹೂವು ನೆಲದ ಪಾಲಾಗಿರುತ್ತದೆ. ಅದನ್ನು ಅಟ್ಟಿಸಿಕೊಂಡು ಬಲು ಉತ್ತರಕ್ಕೆ ಹೋಗಬೇಕು. ಇನ್ನು ಏಪ್ರಿಲ್ ಕೊನೆಯ ವಾರವೆಂದರೆ ಜಪಾನೀಯರು ‘ಗೋಲ್ಡನ್ ವೀಕ್’ ಎಂದು ಕರೆಯುವ ಹಬ್ಬಗಳ ಸರಮಾಲೆ. ಏಪ್ರಿಲ್ 29 ಶೋವಾ ದಿನ. ಮೇ 3 ಸಂವಿಧಾನದ ದಿನ. ಮೇ 4 ಹಸಿರಿನ ದಿನ. ಮೇ 5 ಮಕ್ಕಳ ದಿನ. ಇಡೀ ದೇಶವೇ ಮೂಟೆ ಕಟ್ಟಿಕೊಂಡು ರೈಲು ಹತ್ತುವ ಕಾಲ. ದಸರೆಯ ಜಂಬೂಸವಾರಿಯ ದಿನ ಮೈಸೂರಿನಲ್ಲಿ ಕೊಠಡಿ ಹುಡುಕಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹದಿನಾಲ್ಕು ಊರುಗಳ ಯೋಜನೆ ಅಲ್ಲಿಯೇ ಮುರಿದುಬಿದ್ದಿತು. ಯಜಮಾನರು ಎರಡು ದಿನ ಮೌನವಾಗಿದ್ದರು.

ದಾರಿ ತೋರಿಸಿದ್ದು ನಮ್ಮ ದಸರೆಯೇ. ಉಪಾಧ್ಯಾಯಿನಿಗೂ ಮಕ್ಕಳಿಗೂ ಒಟ್ಟಿಗೆ ಬಿಡುವು ದೊರಕುವ ಇನ್ನೊಂದು ಕಾಲ ಅದೊಂದೇ. ದಸರೆ ತಡವಾಗಿ ಬಂದ ವರ್ಷ ಆ ರಜೆ ಅಕ್ಟೋಬರಿನ ಒಳಕ್ಕೆ ಸರಿಯುತ್ತದೆ. ಜಪಾನಿನ ಅಕ್ಟೋಬರ್ ಸೌಮ್ಯವಾದ ತಿಂಗಳು. ಸೆಪ್ಟೆಂಬರಿನ ಚಂಡಮಾರುತಗಳ ಹಾವಳಿ ತಿಂಗಳು ಮುಂದುವರಿದಂತೆ ತಗ್ಗುತ್ತದೆ. ಟೋಕಿಯೋದ ಹಗಲು ನಮ್ಮ ಬೆಂಗಳೂರಿನ ಡಿಸೆಂಬರನ್ನು ನೆನಪಿಗೆ ತರುತ್ತದೆ. ಎಲೆಗಳು ಕೆಂಪಾಗುವ ಸೊಬಗು ಕ್ಯೋಟೊಗೆ ಇಳಿಯುವುದು ನವೆಂಬರಿನ ನಡುವೆ; ಆದರೆ ಎತ್ತರದ ನಿಕ್ಕೋ ಬೆಟ್ಟಗಳಲ್ಲಿ ಅದು ಅಕ್ಟೋಬರಿನಲ್ಲಿಯೇ ಕಾಣತೊಡಗುತ್ತದೆ. ಹೂವನ್ನು ಬಯಸಿದವರಿಗೆ ಎಲೆ ಸಿಕ್ಕಿತು. ಒಂದೇ ಎಚ್ಚರ: ಅಕ್ಟೋಬರಿನ ಎರಡನೆಯ ಸೋಮವಾರ ಜಪಾನಿನಲ್ಲಿ ಕ್ರೀಡಾದಿನದ ರಜೆ. 1964ರ ಟೋಕಿಯೋ ಒಲಿಂಪಿಕ್ಸ್ ಆರಂಭವಾದ ಅಕ್ಟೋಬರ್ 10ರ ಸ್ಮರಣೆಗಾಗಿ ಹುಟ್ಟಿದ್ದು ಅದು. ಶನಿವಾರ, ಭಾನುವಾರ ಕೂಡಿ ಮೂರು ದಿನದ ಜಾತ್ರೆಯಾಗುತ್ತದೆ. ನಿಕ್ಕೋಗೆ ಹೋಗುವುದಾದರೆ ಅದನ್ನು ತಪ್ಪಿಸಿ, ವಾರದ ನಡುವೆ ಹೋಗತಕ್ಕದ್ದು.

ಕಾಲ ಗೊತ್ತಾದ ಮೇಲೆ ಉಳಿದದ್ದು ಅಜ್ಜಿಯ ಪ್ರಶ್ನೆ. ಅದರ ಒಂದು ಅರ್ಧ ಊಟ, ಇನ್ನೊಂದು ಅರ್ಧ ಮೊಣಕಾಲು.

ಊಟದ ವಿಷಯದಲ್ಲಿ ನಮ್ಮ ಪ್ರವಾಸಿಗರಲ್ಲಿ ಎರಡು ಬಗೆಯವರುಂಟು. ‘ಬ್ರೆಡ್ಡು ಹಣ್ಣು ಎಲ್ಲಿಯೂ ಸಿಗುತ್ತದೆ, ಬನ್ನಿ’ ಎಂದು ಧೈರ್ಯ ಹೇಳಿ ಕರೆದೊಯ್ದು ಹಿರಿಯರನ್ನು ಅರೆಹೊಟ್ಟೆಯಲ್ಲಿಡುವವರು ಮೊದಲನೆಯವರು. ಅರ್ಧ ಪೆಟ್ಟಿಗೆ ಚಟ್ನಿಪುಡಿ, ಅವಲಕ್ಕಿ, ತೊಕ್ಕು ತುಂಬಿಕೊಂಡು ಹೋಗಿ, ಆ ದೇಶದ ಒಂದು ತುತ್ತನ್ನೂ ನಾಲಗೆಗೆ ಸೋಕಿಸದೆ ಮರಳುವವರು ಎರಡನೆಯವರು. ಬರ್ಡಳಿಗೂ ಯೊಕೊಹಾಮಾದ ಬಿಳಿಯರೆಲ್ಲ ಇದೇ ಭಯವನ್ನು ಹೇಳಿದ್ದರು. ಡಬ್ಬಿಯ ಆಹಾರವನ್ನೇ ಹೊತ್ತುಕೊಂಡು ಹೋಗೆಂದಿದ್ದರು. ಅವಳು ಅವರ ಸಲಹೆಯ ಬಹುಭಾಗವನ್ನು ಕೈಬಿಟ್ಟಳು. ಆದರೆ ಅವಳಿಗೆ ಮೀನು ಮಾಂಸಗಳ ನಿಷೇಧವಿರಲಿಲ್ಲವೆಂಬುದನ್ನು ಮರೆಯಬಾರದು.

ಜಪಾನಿನ ತೊಡಕು ಬೇರೆ ತೆರದ್ದು. ಅಲ್ಲಿ ಸಸ್ಯಾಹಾರಿಯನ್ನು ಕಾಡುವುದು ಕಣ್ಣಿಗೆ ಕಾಣುವ ಮಾಂಸವಲ್ಲ, ಕಾಣದ ಮೀನು. ಕ್ರಿ. ಶ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿಗಳನ್ನು ತಿನ್ನಬಾರದೆಂದು ಆಜ್ಞೆ ಹೊರಡಿಸಿದನು. 1872ರಲ್ಲಿ ಮೇಜಿ ಚಕ್ರವರ್ತಿಯೇ ಗೋಮಾಂಸವನ್ನು ಸೇವಿಸಿದ ಸುದ್ದಿ ಬಹಿರಂಗವಾಗುವವರೆಗೆ ಆ ನಾಡು ಒಂದಲ್ಲ ಒಂದು ಬಗೆಯಲ್ಲಿ ಮಾಂಸಕ್ಕೆ ಹಿಂದೆಗೆಯುತ್ತಲೇ ಇತ್ತು. ಈ ಯಾವ ನಿಷೇಧದಲ್ಲಿಯೂ ಮೀನು ಸೇರಲಿಲ್ಲ. ಆದ್ದರಿಂದ ‘ಮಾಂಸ ಬೇಡ’ ಎಂದ ಅತಿಥಿಗೆ ಅಲ್ಲಿನ ಅಡುಗೆಯವನು ಬಹು ಆದರದಿಂದ ಮೀನನ್ನು ಬಡಿಸಿದರೆ ಅವನಲ್ಲಿ ಕಪಟವಿಲ್ಲ. ಮೀನನ್ನೂ ಬೇಡವೆಂದರೆ ಅದರ ತುಂಡನ್ನು ತೆಗೆದಾನು. ಆದರೆ ‘ದಾಶಿ’ ಉಳಿದೇ ಉಳಿಯುತ್ತದೆ. ದಾಶಿಯೆಂದರೆ ಅವರ ಅಡುಗೆಗೆಲ್ಲ ತಳಹದಿಯಾದ ತಿಳಿಸಾರು. ಬೊನಿಟೊ ಎಂಬ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಕಟ್ಟಿಗೆಯಂತೆ ಗಟ್ಟಿಯಾಗುವವರೆಗೆ ಒಣಗಿಸಿ, ಬಡಗಿಯ ಉಜ್ಜುಗೊರಡಿಯಂಥ ಸಾಧನದಿಂದ ಹೆರೆದು, ಆ ಸಿಪ್ಪೆಯನ್ನು ಬಿಸಿನೀರಿಗೆ ಹಾಕಿ ಸೋಸಿ ತೆಗೆಯುವುದು ಸಾಮಾನ್ಯ ಕ್ರಮ. ಕಣ್ಣಿಗೆ ತರಕಾರಿಯಷ್ಟೇ ಕಾಣುವ ಸಾರಿನಲ್ಲಿಯೂ, ಅದ್ದಿ ತಿನ್ನುವ ರಸದಲ್ಲಿಯೂ ಅದು ಇರುತ್ತದೆ. ನಮ್ಮ ಅಡುಗೆಗೆ ಒಗ್ಗರಣೆಯಿದ್ದಂತೆ. ಒಗ್ಗರಣೆಯನ್ನು ಪದಾರ್ಥವೆಂದು ಯಾರು ಹೆಸರಿಸಿ ಹೇಳುತ್ತಾರೆ?

ಇದನ್ನು ಓದಿದ ಗೃಹಿಣಿ ಅಜ್ಜಿಯಿಂದ ಮರೆಮಾಚಲಿಲ್ಲ. ಮರೆಮಾಚಿ ಕರೆದುಕೊಂಡು ಹೋಗುವುದು ಸುಲಭವಿತ್ತು, ಮಾಡಿದವರಿದ್ದಾರೆ. ಎಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು ಅವರಿಗೆ ತಿಳಿಯದಂತೆ ಮುರಿಸಿ ‘ಏನೂ ಆಗಲಿಲ್ಲವಲ್ಲ’ ಎನ್ನುವುದು ಒಂದು ಬಗೆಯ ಕಳ್ಳತನವೇ ಸರಿ. ಎಲ್ಲವನ್ನೂ ಕೇಳಿ ಅಜ್ಜಿ, “ನಾನು ಮೊದಲೇ ಹೇಳಲಿಲ್ಲವೇನಮ್ಮ?” ಎಂದರು. ಮಾತು ಅಲ್ಲಿಗೇ ನಿಲ್ಲಬಹುದಾಗಿತ್ತು.

ನಿಲ್ಲದಂತೆ ಮಾಡಿದ್ದು ಅದೇ ದೇಶದ ಇನ್ನೊಂದು ಅಡುಗೆಮನೆ. ಬೌದ್ಧ ಭಿಕ್ಷುಗಳ ‘ಶೋಜಿನ್ ರ್ಯೋರಿ’ ಎಂಬ ಪಾಕದಲ್ಲಿ ಮಾಂಸವೂ ಇಲ್ಲ, ಮೀನೂ ಇಲ್ಲ. ಅದರ ತಿಳಿಸಾರು ಕೊಂಬು ಎಂಬ ಕಡಲಪಾಚಿಯಿಂದಲೂ ಒಣಗಿದ ಅಣಬೆಯಿಂದಲೂ ಆದದ್ದು. ಅಷ್ಟೇ ಅಲ್ಲ, ಈರುಳ್ಳಿ ಬೆಳ್ಳುಳ್ಳಿಗಳ ಜಾತಿಯ ಘಾಟು ಪದಾರ್ಥಗಳೂ ಸಂಪ್ರದಾಯದಂತೆ ಅದಕ್ಕೆ ವರ್ಜ್ಯ. ನಮ್ಮಲ್ಲಿ ಮಡಿಯ ದಿನ ಯಾವುದನ್ನು ಅಡುಗೆಮನೆಗೆ ಬಿಡುವುದಿಲ್ಲವೋ ಅದನ್ನೇ ಅವರೂ ಬಿಡುವುದಿಲ್ಲ. ಅಣಬೆಯೊಂದರ ವಿಷಯದಲ್ಲಿ ಅಜ್ಜಿ ತಕರಾರೆತ್ತಿದರು. ಅದನ್ನು ಬಿಟ್ಟು ಮಾಡಿಕೊಡುವರೇ ಎಂದು ಮುಂಚೆಯೇ ಬರೆದು ಕೇಳುವುದೆಂದಾಯಿತು.

ಈ ಊಟ ಸಿಕ್ಕುವ ಊರುಗಳಲ್ಲಿ ಪ್ರಸಿದ್ಧವಾದದ್ದು ಕೋಯಸಾನ್. ಒಸಾಕಾದ ದಕ್ಷಿಣಕ್ಕೆ, ಸುಮಾರು 800 ಮೀಟರು ಎತ್ತರದ ಬೆಟ್ಟಗಳ ನಡುವಣ ಮಠಗಳ ಊರು. ಕೂಕಾಯ್ ಎಂಬ ಆಚಾರ್ಯ ಚೀನಾದಲ್ಲಿ ತಂತ್ರಮಾರ್ಗದ ಬೌದ್ಧಧರ್ಮವನ್ನು ಅಭ್ಯಾಸಮಾಡಿ ಬಂದು, 816ರಲ್ಲಿ ಚಕ್ರವರ್ತಿಯಿಂದ ಈ ಸ್ಥಳವನ್ನು ಪಡೆದನು. ಈಗಲೂ ಸುಮಾರು ಐವತ್ತು ಮಠಗಳು ಯಾತ್ರಿಕರಿಗೆ ವಸತಿಯನ್ನೂ ಊಟವನ್ನೂ ಕೊಡುತ್ತವೆ. ಬೆಳಗಿನ ಪೂಜೆಗೆ ಅತಿಥಿಗಳೂ ಕುಳಿತುಕೊಳ್ಳಬಹುದು. ಕೆಲವು ಮಠಗಳಲ್ಲಿ ಅಗ್ನಿಯಲ್ಲಿ ಸಮಿತ್ತುಗಳನ್ನು ಅರ್ಪಿಸುವ ‘ಗೋಮ’ ನಡೆಯುತ್ತದೆ. ಅದು ನಮ್ಮ ಹೋಮವೇ, ಹೆಸರೂ ಹೋಮದ್ದೇ. ಕೂಕಾಯ್ 835ರಲ್ಲಿ ದೇಹ ಬಿಡಲಿಲ್ಲವೆಂದೂ ಅಲ್ಲಿಯೇ ಅಖಂಡ ಧ್ಯಾನದಲ್ಲಿ ಕುಳಿತಿರುವನೆಂದೂ ಭಕ್ತರ ನಂಬಿಕೆ. ಇಂದಿಗೂ ದಿನಕ್ಕೆ ಎರಡು ಬಾರಿ ಅವನಿಗೆ ಊಟವನ್ನು ಹೊತ್ತುಕೊಂಡು ಹೋಗಿ ಒಪ್ಪಿಸುತ್ತಾರೆ. ದಾರಿಯ ಎರಡು ಬದಿಗೂ ಹೆಮ್ಮರಗಳು. ಮರಗಳ ಕೆಳಗೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು.

ಮಗಳು ಇದನ್ನು ಓದಿ ಹೇಳುತ್ತಿದ್ದಾಗ ಅಜ್ಜಿಯ ಕೈಯ ಬತ್ತಿ ನಿಂತಿತು. “ಅಂದರೆ ಮಂತ್ರಾಲಯದ ರಾಯರ ಹಾಗೆ,” ಎಂದರು.

ಅಂದಿನಿಂದ ಜಪಾನಿನಲ್ಲಿ ಅಜ್ಜಿಗೆ ಏನಿದೆ ಎಂಬ ಪ್ರಶ್ನೆ ಮನೆಯಲ್ಲಿ ಮತ್ತೆ ಏಳಲಿಲ್ಲ. ಬದಲಿಗೆ ಇನ್ನೂ ಏನೇನಿದೆ ಎಂದು ಎಲ್ಲರೂ ಹುಡುಕತೊಡಗಿದರು. ಟೋಕಿಯೋದ ಅಸಾಕುಸಾ ಬಡಾವಣೆಯಲ್ಲಿ ಮಾತ್ಸುಚಿಯಾಮಾ ಎಂಬ ಪುಟ್ಟ ದಿಬ್ಬದ ಮೇಲೆ ಕಾಂಗಿತೆನ್ ದೇವಾಲಯವಿದೆ. ಕಾಂಗಿತೆನ್ ಎಂದರೆ ಆನೆಮೊಗದ ದೇವರು, ನಮ್ಮ ವಿನಾಯಕನೇ ಚೀನಾ ಮಾರ್ಗವಾಗಿ ಅಲ್ಲಿಗೆ ಹೋಗಿ ನೆಲಸಿದವನು. ಕಡುಬು ಮೋದಕಗಳ ಬದಲು ಅಲ್ಲಿ ಅವನಿಗೆ ಒಪ್ಪಿಸುವುದು ಇಡೀ ಬಿಳಿ ಮೂಲಂಗಿ! ವಿಗ್ರಹವನ್ನು ಜನರಿಗೆ ತೋರಿಸುವುದಿಲ್ಲ. ಕ್ಯೋಟೊದ ಸಾಂಜೂಸಾಂಗೆನ್-ದೋ ಎಂಬ 120 ಮೀಟರು ಉದ್ದದ ಮರದ ಸಭಾಂಗಣದಲ್ಲಿ ಅವಲೋಕಿತೇಶ್ವರನ 1001 ವಿಗ್ರಹಗಳು ಸಾಲುಗಟ್ಟಿವೆ. ಅವುಗಳಿಗೆ ಕಾವಲಾಗಿ ನಿಂತ 28 ಪರಿವಾರ ದೇವತೆಗಳಲ್ಲಿ ಇಂದ್ರನುಂಟು, ಬ್ರಹ್ಮನುಂಟು, ನಾರಾಯಣನುಂಟು. ಕೊಳಲೂದುತ್ತಿರುವ ಗರುಡನೂ ಉಂಟು. ಒಳಗೆ ಹೋಗುವಾಗ ಪಾದರಕ್ಷೆ ಕಳಚಿಡಬೇಕು. ಮೆಟ್ಟಿಲುಗಳ ಕಾಟವಿಲ್ಲ. ಮೊಣಕಾಲು ನೋವಿನವರಿಗೆ ಇಷ್ಟು ಅನುಕೂಲವಾದ ದೇವಸಭೆ ನಮ್ಮ ದೇಶದಲ್ಲಿಯೂ ಅಪರೂಪ.

ಮೊಣಕಾಲಿನ ಲೆಕ್ಕವನ್ನು ಮಗ ವಹಿಸಿಕೊಂಡನು. ನಿಕ್ಕೋದಲ್ಲಿ ತೊಕುಗಾವಾ ಇಯೆಯಾಸುವಿನ ಸ್ಮಾರಕವಾದ ತೋಶೋಗು ದೇವಾಲಯದಲ್ಲಿ ಕೆಟ್ಟದ್ದನ್ನು ನೋಡದ, ಕೇಳದ, ಆಡದ ಮೂರು ಕೋತಿಗಳ ಕೆತ್ತನೆಯಿರುವುದು ಕೆಳಗಿನ ಲಾಯದ ಗೋಡೆಯ ಮೇಲೆ. ಇಯೆಯಾಸುವಿನ ಸಮಾಧಿಯಿರುವುದು 207 ಕಲ್ಲುಮೆಟ್ಟಿಲುಗಳ ಮೇಲೆ. “ಅಜ್ಜಿ, ನಿನಗೆ ಕೋತಿ, ನಮಗೆ ಸಮಾಧಿ,” ಎಂದು ಅವನು ಹಂಚಿಕೊಟ್ಟನು. ಮಾತಿನ ಅಮಂಗಳಕ್ಕಾಗಿ ತಾಯಿಯಿಂದ ಬೈಸಿಕೊಂಡರೂ ಹಂಚಿಕೆ ನ್ಯಾಯವಾಗಿಯೇ ಇತ್ತು. ಅಲ್ಲಿಂದ ಚೂಜೆಂಜಿ ಸರೋವರಕ್ಕೆ ಏರುವ ದಾರಿಯ ಹೆಸರು ಇರೊಹಜಾಕಾ. ಏರುವುದಕ್ಕೊಂದು, ಇಳಿಯುವುದಕ್ಕೊಂದು ರಸ್ತೆ, ಎರಡರಲ್ಲಿಯೂ ಸೇರಿ 48 ತಿರುವುಗಳು. ಜಪಾನೀಯರ ಹಳೆಯ ಅಕ್ಷರಸರಣಿಯ 48 ಅಕ್ಷರಗಳನ್ನು ಒಂದೊಂದಾಗಿ ಆ ತಿರುವುಗಳಿಗೆ ಹೆಸರಾಗಿ ಇಟ್ಟಿದ್ದಾರೆ. ಆಗುಂಬೆಯ ಘಾಟಿಯಲ್ಲಿ ನಿಂಬೆಹಣ್ಣು ಮೂಸುತ್ತ ಇಳಿದವರು ಇಲ್ಲಿಗೂ ಒಂದನ್ನು ಕೈಯಲ್ಲಿಟ್ಟುಕೊಳ್ಳುವುದು ಕ್ಷೇಮ.

ಅಕ್ಷರದ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬಹುದು. ಜಪಾನೀ ಲಿಪಿಯೆಂದರೆ ನಮ್ಮವರು ಕೈಚೆಲ್ಲಿ ಕುಳಿತುಬಿಡುತ್ತಾರೆ. ಚೀನೀ ಚಿತ್ರಾಕ್ಷರಗಳ ಕಾಡನ್ನು ಹೊಗುವುದು ಅಲ್ಪಕಾಲದಲ್ಲಿ ಸಾಧ್ಯವಿಲ್ಲ, ನಿಜ. ಆದರೆ ಅದರ ಜೊತೆಗೆ ಬಳಸುವ 46 ಮೂಲಾಕ್ಷರಗಳ ‘ಕಾನಾ’ ಲಿಪಿಯ ಕ್ರಮವನ್ನು ಕನ್ನಡಿಗನು ಹೊಸದಾಗಿ ಕಲಿಯಬೇಕಾಗಿಯೇ ಇಲ್ಲ. ಸ್ವರಗಳು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ‘ಹ’ ಇರುವೆಡೆ ಪ್ರಾಚೀನ ಕಾಲದಲ್ಲಿ ‘ಪ’ ಇತ್ತೆಂಬುದನ್ನು ನೆನೆದರೆ ನಮ್ಮ ವರ್ಣಮಾಲೆಯೇ ಕೊಂಚ ಸೊರಗಿ ಎದುರಿಗೆ ನಿಂತಂತಾಗುತ್ತದೆ. ಸಂಸ್ಕೃತದ ಮಂತ್ರಗಳನ್ನು ಸಿದ್ಧಮಾತೃಕಾ ಲಿಪಿಯಲ್ಲಿ ಕಲಿತ ಭಿಕ್ಷುಗಳು ತಂದ ಅನುಕ್ರಮ ಅದು. ವಾಕ್ಯರಚನೆಯೂ ಅಷ್ಟೇ: ‘ಕ್ಯೋಟೊ ನಿ ಇಕಿಮಸು’ ಎಂದರೆ ‘ಕ್ಯೋಟೊಗೆ ಹೋಗುತ್ತೇನೆ’. ‘ನಿ’ ನಮ್ಮ ‘ಗೆ’, ಕ್ರಿಯಾಪದ ಕೊನೆಯಲ್ಲಿ. ಕೊನೆಗೊಂದು ‘ಕಾ’ ಸೇರಿಸಿದರೆ ಪ್ರಶ್ನೆಯಾಯಿತು. ಇಂಗ್ಲಿಷಿನ ಮೂಲಕ ಕಲಿಯುವವನಿಗೆ ತಲೆಕೆಳಗಾಗಿ ತೋರುವುದು ಕನ್ನಡದಿಂದ ಹೋದವನಿಗೆ ನೆಟ್ಟಗೇ ಇರುತ್ತದೆ. ರಾತ್ರಿಯ ಊಟವಾದ ಮೇಲೆ ಅರ್ಧ ಗಂಟೆ, ಅಜ್ಜಿ ಮೊಮ್ಮಕ್ಕಳು ಮೂವರೂ ಸ್ಲೇಟು ಹಿಡಿದರು. ಎರಡು ತಿಂಗಳಲ್ಲಿ ಹುಡುಗನಿಗಿಂತ ಅಜ್ಜಿಯ ಅಕ್ಷರವೇ ದುಂಡಾಗಿತ್ತು.

ಮೀನಿನ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರವೂ ಅಕ್ಷರರೂಪದ್ದೇ. ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಇವು ಯಾವುವೂ ಸಲ್ಲವೆಂದು ಜಪಾನೀ ಭಾಷೆ ಬಲ್ಲವರೊಬ್ಬರಿಂದ ಬರೆಯಿಸಿದ ಒಂದು ಚೀಟಿ. ಇದರಲ್ಲಿ ‘ದಾಶಿ’ ಎಂಬ ಮಾತೇ ಪ್ರಾಣ. ಅದಿಲ್ಲದೆ ಉಳಿದದ್ದೆಲ್ಲ ವ್ಯರ್ಥ. ಇಷ್ಟಾದರೂ ಪ್ರತಿ ಹೊತ್ತೂ ಚೀಟಿ ಹಿಡಿದು ನಿಲ್ಲುವುದು ಬೇಸರದ ಕೆಲಸ. ಆದ್ದರಿಂದ ಟೋಕಿಯೋದಲ್ಲಿಯೂ ಕ್ಯೋಟೊದಲ್ಲಿಯೂ ಪುಟ್ಟ ಅಡುಗೆಮನೆಯಿರುವ ವಸತಿಯನ್ನು ಹಿಡಿಯುವುದೆಂದು ಗೊತ್ತಾಯಿತು. ಅಕ್ಕಿ ಅಲ್ಲಿ ಸಿಗದ ವಸ್ತುವೇ? ಮೊಸರೂ ಸಿಗುತ್ತದೆ. ಟೋಕಿಯೋದ ನಿಶಿ-ಕಸಾಯ್ ಬಡಾವಣೆಯಲ್ಲಿ ಭಾರತೀಯರು ಬಹಳ ಮಂದಿ ಇರುವುದರಿಂದ ಬೇಳೆ ಹುಡಿಗಳಿಗೂ ಬರವಿಲ್ಲ. ಚಟ್ನಿಪುಡಿಯ ಡಬ್ಬಿ ಒಂದೇ ಎಂದು ನಿರ್ಣಯವಾಯಿತು. ಅದು ಗುಟ್ಟಾಗಿ ಎರಡಾದದ್ದು ಯಜಮಾನರಿಗೆ ತಿಳಿಯದು.

ಯಜಮಾನರು ತಮ್ಮ ಪರಿಶ್ರಮವನ್ನು ಈ ವೇಳೆಗೆ ರೈಲಿನ ದರದ ಕಡೆಗೆ ತಿರುಗಿಸಿದ್ದರು. ಪ್ರವಾಸಿಗರಿಗೆಂದೇ ಇರುವ ಏಳು ದಿನದ ರೈಲ್ವೆ ಪಾಸನ್ನು ಎಲ್ಲರೂ ಕೊಳ್ಳುತ್ತಾರೆಂದು ಇವರೂ ಕೊಳ್ಳುವುದರಲ್ಲಿದ್ದರು. ಅದರ ಬೆಲೆ 2023ರ ಅಕ್ಟೋಬರಿನಲ್ಲಿ 29,650 ಯೆನ್ನಿನಿಂದ ಒಮ್ಮೆಗೇ 50,000 ಯೆನ್ನಿಗೆ ಏರಿದ ಸಂಗತಿಯನ್ನು ಹಳೆಯ ಮಾರ್ಗದರ್ಶಿಗಳು ಹೇಳುವುದಿಲ್ಲ. ಟೋಕಿಯೋದಿಂದ ಕ್ಯೋಟೊಗೆ ಶಿಂಕಾನ್ಸೆನ್ ರೈಲಿನಲ್ಲಿ ಒಂದು ಪಯಣಕ್ಕೆ ತಗಲುವುದು ಸುಮಾರು 14,000 ಯೆನ್. ನಿಕ್ಕೋಗೆ ಅಸಾಕುಸಾದಿಂದ ಹೊರಡುವ ರೈಲು ಬೇರೆ ಕಂಪನಿಯದಾದ್ದರಿಂದ ಅಲ್ಲಿ ಆ ಪಾಸು ನಡೆಯುವುದೇ ಇಲ್ಲ. ಟೋಕಿಯೋದಲ್ಲಿ ಇಳಿದು ಒಸಾಕಾದಿಂದ ಮರಳುವವರಿಗೆ ಬಿಡಿ ಟಿಕೆಟೇ ಲಾಭ. ಹದಿನಾಲ್ಕು ಊರು ಐದಕ್ಕೆ ಇಳಿದುದರ ಫಲ ಇದು. ಉಳಿದ ಹಣದಲ್ಲಿ ಅಜ್ಜಿಯ ಟಿಕೆಟಿಗೆ ಬೇಕಾದುದರ ಒಂದು ಭಾಗ ಹೊರಟಿತೆಂಬುದನ್ನು ಅವರು ಲೆಕ್ಕದ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಗುರುತುಹಾಕಿದರು.

ಸಾಮಾನಿನ ವಿಷಯದಲ್ಲಿ ಬರ್ಡಳ ಕುದುರೆಯ ಸ್ಥಾನವನ್ನು ಈಗ ‘ತಕ್ಕ್ಯೂಬಿನ್’ ತುಂಬಿದೆ. 1976ರಲ್ಲಿ ಆರಂಭವಾದ ಈ ಏರ್ಪಾಟಿನಂತೆ, ಒಂದು ಊರಿನ ಹೋಟೆಲಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಇನ್ನೊಂದು ಊರಿನ ಹೋಟೆಲನ್ನು ತಾನಾಗಿ ತಲುಪುತ್ತದೆ. ದೊಡ್ಡ ಪೆಟ್ಟಿಗೆಗಳನ್ನು ಟೋಕಿಯೋದಿಂದ ನೇರವಾಗಿ ಕ್ಯೋಟೊಗೆ ಕಳುಹಿಸಿ, ಒಂದೊಂದು ಕೈಚೀಲದೊಡನೆ ನಿಕ್ಕೋಗೆ ಹೋಗಿಬರಬಹುದು. ಶೌಚಾಲಯಗಳ ವಿಷಯದಲ್ಲಿ ಹಿರಿಯರು ಬಾಯಿಬಿಟ್ಟು ಹೇಳಲಾರದ ಚಿಂತೆಯೊಂದಿರುತ್ತದೆ. ಯೂರೋಪಿನಲ್ಲಿ ಅದಕ್ಕೆ ಕಾರಣವುಂಟು. ಬಟನ್ ಒತ್ತಿದರೆ ಬೆಚ್ಚನೆಯ ನೀರು ಚಿಮ್ಮುವ ಪೀಠಗಳನ್ನು 1980ರಿಂದ ಮನೆಮನೆಗೂ ಹರಡಿಕೊಂಡ ಜಪಾನಿನಲ್ಲಿ ಅದಿಲ್ಲ. ಆದರೆ ಬರ್ಡಳನ್ನು ಕಾಡಿದ ಒಂದು ಅಂಜಿಕೆ ಈಗಲೂ ಉಳಿದಿದೆ. ನಿಕ್ಕೋದಲ್ಲಿ ಅವಳು ಇಳಿದುಕೊಂಡಿದ್ದ ಕಾನಾಯಾ ಎಂಬವರ ಮನೆ ಎಷ್ಟು ಶುಚಿಯಾಗಿತ್ತೆಂದರೆ, ಎಲ್ಲಿ ಚಾಪೆಯ ಮೇಲೆ ಶಾಯಿ ಚೆಲ್ಲುತ್ತದೋ, ಎಲ್ಲಿ ಕಾಗದದ ಕಿಟಕಿ ಹರಿಯುತ್ತದೋ ಎಂದು ಅವಳು ಸದಾ ಹೆದರುತ್ತಿದ್ದಳು. ಆ ಮನೆಯನ್ನು ಇಂದು ವಸ್ತುಸಂಗ್ರಹಾಲಯವಾಗಿ ಕಾಯ್ದಿಟ್ಟಿದ್ದಾರೆ. ಹತ್ತು ವರ್ಷದ ಹುಡುಗನನ್ನು ಕರೆದುಕೊಂಡು ಅಂಥ ಚಾಪೆಗಳ ಮೇಲೆ ನಡೆಯುವ ತಾಯಿಗೆ ಅವಳ ಭಯ ಚೆನ್ನಾಗಿ ಅರ್ಥವಾದೀತು.

ಕಡೆಯ ಕೆಲಸ ವೀಸಾ. ಬರ್ಡಳ ರಹದಾರಿಯಲ್ಲಿ ಪ್ರಯಾಣದ ಕಾರಣವನ್ನು ಹೇಳಬೇಕಾಗಿದ್ದಂತೆ, ಇಂದಿನ ಪ್ರವಾಸಿ ತಾನು ಪ್ರತಿದಿನ ಎಲ್ಲಿರುವೆನು, ಏನು ಮಾಡುವೆನು ಎಂಬ ದಿನಚರಿಯನ್ನು ಬರೆದು ಒಪ್ಪಿಸಬೇಕು. ಯಜಮಾನರು ಲೇಖನಿ ಹಿಡಿದು ಕುಳಿತರು. ಮನೆಯೆಲ್ಲ ಸುತ್ತ ನೆರೆಯಿತು. ಪ್ರಯಾಣಿಕರ ಸಂಖ್ಯೆ ಐದು. ಮೊದಲ ಮೂರು ರಾತ್ರಿ ಟೋಕಿಯೋ. ಅದರಲ್ಲಿ ಒಂದು ಬೆಳಗ್ಗೆ ಮೂಲಂಗಿಯ ಗಣಪತಿ. ನಾಲ್ಕನೆಯ ಮತ್ತು ಐದನೆಯ ರಾತ್ರಿ ನಿಕ್ಕೋ. ಆರನೆಯ ದಿನ ಕ್ಯೋಟೊಗೆ. ಅಲ್ಲಿ ಮೂರು ರಾತ್ರಿ. ಒಂಬತ್ತನೆಯ ರಾತ್ರಿ ಕೋಯಸಾನಿನ ಮಠ. ಊಟಕ್ಕೆ ಕುರ್ಚಿಯುಂಟೆಂದು ಅವರಿಂದ ಉತ್ತರ ಬಂದಿತ್ತು, ಅಣಬೆಯನ್ನು ಬಿಡುವೆವೆಂದೂ ಬರೆದಿದ್ದರು. ಹತ್ತನೆಯ ರಾತ್ರಿ ಒಸಾಕಾ. ಮಾರನೆಯ ದಿನ ಮರಳುವುದು.

ಎಂಟನೆಯ ದಿನದ ಮುಂದೆ ಲೇಖನಿ ನಿಂತಿತು. ಕ್ಯೋಟೊದ ಆ ದಿನಕ್ಕೆ ಏನನ್ನೂ ಗೊತ್ತುಮಾಡಿರಲಿಲ್ಲ. ಯಜಮಾನರ ಹಳೆಯ ಅಭ್ಯಾಸ ಹೆಡೆಯೆತ್ತಿತು: “ಇಲ್ಲಿ ಎರಡು ಊರು ಹಾಕಬಹುದು. ನಾರಾ ಹತ್ತಿರವೇ ಇದೆ.”

“ಅದು ಖಾಲಿ ಇರಲಿ ರೀ,” ಎಂದಳು ಗೃಹಿಣಿ.

“ಖಾಲಿ ಅಂತ ಬರೆಯುವುದಕ್ಕಾಗುತ್ತದೆಯೆ? ಏನಾದರೂ ಬರೆಯಬೇಕಲ್ಲ.”

ಅಜ್ಜಿ ಕನ್ನಡಕ ಸರಿಪಡಿಸಿಕೊಂಡು ಕಾಗದವನ್ನು ನೋಡಿದರು. “ಬಟ್ಟೆ ಒಗೆದುಕೊಂಡು ಮನೆಯಲ್ಲಿರುತ್ತೇವೆ ಅಂತ ಬರಿ,” ಎಂದರು. ಯಜಮಾನರು ಅದನ್ನು ಕೊಂಚ ತಿದ್ದಿ, ‘ಕ್ಯೋಟೊದಲ್ಲಿ ವಿಶ್ರಾಂತಿ’ ಎಂದು ಬರೆದು ರುಜು ಹಾಕಿದರು.